ಒಂದು ಲೋಟ ನೀರಿನ ತಕರಾರು

ಕಳೆದ ವಾರ ಮದುವೆಯೂಟದ ಪಂಕ್ತಿಯಲ್ಲಿ ನೀರಿನ ಲೋಟಕ್ಕೆ ಕೈಯಿಡುತ್ತಿದ್ದಂತೆ, ಪಕ್ಕದ ಎಲೆಯ ಹಿರಿಯರು, "ಊಟದ ನಡುವೆ ನೀರು ಕುಡಿಯಬಾರದಪ್ಪ, ಜಠರಾಗ್ನಿ ಆರಿಹೋಗುತ್ತದೆ" ಎಂದರು. ಗುರುತು ಪರಿಚಯವಿಲ್ಲದವರ ಹೊಟ್ಟೆಯ ಮೇಲೆ ಅಪ್ಪಣೆ ಹೊರಡಿಸುವ ಅಧಿಕಾರ ನಮ್ಮಲ್ಲಿ ನರೆಗೂದಲಿನ ಜೊತೆಗೇ ಬಂದುಬಿಡುತ್ತದೆ. ದಿನಕ್ಕೆ ಒಂದೂವರೆ, ಎರಡು ಲೀಟರ್ ಆಮ್ಲರಸವನ್ನು ತಾನೇ ಸುರಿಸುವ ಜಠರ ಒಂದು ಲೋಟ ನೀರಿಗೆ ಅಂಜೀತೇ ಎಂದು ಕೇಳಬೇಕೆನಿಸಿತು; ಅಷ್ಟರಲ್ಲಿ ಸಾರು ಬಂದದ್ದರಿಂದ ಸುಮ್ಮನಾದೆ.

ಜಠರರಸದ ಬಗ್ಗೆ ಬಾಯಿ ತೆರೆಯುವವರೆಲ್ಲ ಮೊದಲು ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬುವನಿಗೆ ಕೈಮುಗಿಯಬೇಕೆಂಬುದು ನನ್ನ ಮತ. ತುಪ್ಪಳದ ವ್ಯಾಪಾರದ ಕಂಪನಿಯಲ್ಲಿ ದುಡಿಯುತ್ತಿದ್ದ ಈ ಕೆನಡಾದ ಯುವಕ 1822ರ ಜೂನ್ 6ರಂದು ಅಮೆರಿಕದ ಮ್ಯಾಕಿನಾ ದ್ವೀಪದ ಅಂಗಡಿಯೊಂದರಲ್ಲಿ ನಿಂತಿದ್ದಾಗ, ಯಾರದೋ ಕೈಯ ಬಂದೂಕು ಸಿಡಿದು ಅವನ ಎಡಪಕ್ಕೆ ಹರಿಯಿತು. ಸೇನಾವೈದ್ಯ ವಿಲಿಯಂ ಬೋಮಾಂಟ್ ಜೀವ ಉಳಿಸಿದನು, ಗಾಯವೂ ಮಾಯಿತು, ಆದರೆ ಜಠರಕ್ಕೆ ತೆರೆದ ಕಿಂಡಿಯೊಂದು ಮುಚ್ಚದೆ ಉಳಿಯಿತು. ಕನಕನಿಗೆ ಕಿಂಡಿಯಲ್ಲಿ ಕೃಷ್ಣ ಕಂಡರೆ ಈ ವೈದ್ಯನಿಗೆ ಕೀರ್ತಿ ಕಂಡಿತು. ಮಾಂಸದ ತುಂಡು, ಒಣಗಿದ ಬ್ರೆಡ್ಡು, ಹಸಿ ಎಲೆಕೋಸುಗಳನ್ನು ರೇಷ್ಮೆದಾರಕ್ಕೆ ಕಟ್ಟಿ ಒಳಗಿಳಿಸಿ, ಬಾವಿಯ ಕೊಡವನ್ನು ಸೇದುವಂತೆ ಆಗಾಗ ಮೇಲೆಳೆದು ಎಷ್ಟು ಕರಗಿದೆಯೆಂದು ನೋಡಿದನು. ರಸವನ್ನು ಹೊರತೆಗೆದು ಸೀಸೆಯಲ್ಲಿ ಬೆಚ್ಚಗಿಟ್ಟರೆ ಅಲ್ಲಿಯೂ ಮಾಂಸ ಕರಗಿತು, ತಣ್ಣಗಿಟ್ಟರೆ ಕರಗಲಿಲ್ಲ. ಇದರಿಂದ ನನ್ನ ಪಕ್ಕದ ಹಿರಿಯರ ಅಗ್ನಿವಾದಕ್ಕೆ ತುಸು ಬಲ ಬರುತ್ತದೆಂದು ಯಾರಾದರೂ ಹೇಳಬಹುದು, ನಾನಂತೂ ಹೇಳುವುದಿಲ್ಲ.

ಇನ್ನೂರಕ್ಕೂ ಹೆಚ್ಚು ಪ್ರಯೋಗಗಳ ಪುಸ್ತಕ 1833ರಲ್ಲಿ ಅಚ್ಚಾಗಿ ವೈದ್ಯನ ಹೆಸರು ಬೆಳಗಿತು. ಹೊಟ್ಟೆಯ ಒಡೆಯ ಅದೇ ವೈದ್ಯನ ಮನೆಯಲ್ಲಿ ಆಳಾಗಿ ದುಡಿದು, ನಡುವೆ ಬೇಸತ್ತು ಊರಿಗೆ ಓಡಿಹೋಗಿ, ಮತ್ತೆ ಬಂದು, ಮತ್ತೆ ಹೋದನು. ಕೋಪ ಬಂದಾಗ ಜೀರ್ಣಕ್ರಿಯೆ ಕೆಡುತ್ತದೆ ಎಂದೂ ಬೋಮಾಂಟ್ ಬರೆದಿಟ್ಟಿದ್ದಾನೆ. ಹೊಟ್ಟೆಯೊಳಗೆ ದಾರ ಇಳಿಬಿಟ್ಟುಕೊಂಡು ಕುಳಿತವನಿಗೆ ಕೋಪ ಏಕೆ ಬಂದೀತೆಂಬುದನ್ನೂ ಅವನು ಒಂದಿಷ್ಟು ಯೋಚಿಸಬಹುದಿತ್ತು. 1880ರಲ್ಲಿ ಸೇಂಟ್ ಮಾರ್ಟಿನ್ ತೀರಿಕೊಂಡಾಗ, ವೈದ್ಯರು ಜಠರವನ್ನು ಕೇಳಿಕೊಂಡು ಬಂದಾರೆಂದು ಮನೆಯವರು ಶವವನ್ನು ಕೊಳೆಯುವವರೆಗೆ ಇಟ್ಟುಕೊಂಡು, ಆಮೇಲೆ ಆಳವಾದ ಗುಂಡಿಯಲ್ಲಿ ಹೂಳಿದರು. ನನಗೆ ಆ ಮನೆಯವರ ಮೇಲೆ ಬಹಳ ಗೌರವ.

ಇದನ್ನೆಲ್ಲ ಪಕ್ಕದವರಿಗೆ ಹೇಳಿ, ಆಮ್ಲ ಮಾಡುವುದೇನು, ನೀರು ಮಾಡುವುದೇನು ಎಂದು ತಿಳಿಸಿಕೊಡಲು ನಾನು ತಿರುಗುವಷ್ಟರಲ್ಲಿ, ಅವರು ಎರಡನೆಯ ಲೋಟ ಮಜ್ಜಿಗೆಯನ್ನು ಗಟಗಟನೆ ಮುಗಿಸಿ ಮೂರನೆಯದಕ್ಕೆ ಕೈನೀಡಿದ್ದರು. ಮಜ್ಜಿಗೆ ನೀರಲ್ಲವಂತೆ.