ಸ್ವೆಟರ್ ತೊಟ್ಟ ದೋಸೆಹಿಟ್ಟು

ಮೂರು ದಿನಗಳಿಂದ ನನ್ನ ಸ್ವೆಟರ್ ನಡುಮನೆಯ ಹಗ್ಗದ ಮೇಲೆ ನೇತಾಡುತ್ತಿದೆ, ಒಣಗುವ ಲಕ್ಷಣವಿಲ್ಲ. ಜುಲೈ ತಿಂಗಳ ಚಿಕ್ಕಮಗಳೂರಿನಲ್ಲಿ ಬಟ್ಟೆ ಒಣಗದಿರುವುದು ಹೊಸ ಸುದ್ದಿಯೇನಲ್ಲ. ಆದರೆ ಅದನ್ನು ಒಗೆಯಬೇಕಾಗಿ ಬಂದದ್ದು ದೋಸೆಹಿಟ್ಟಿನಿಂದ ಎಂಬುದನ್ನು ಯಾರ ಬಳಿ ಹೇಳಿಕೊಳ್ಳಲಿ?

ಈ ಊರಿನಲ್ಲಿ ಮಳೆಗಾಲ ಕಳೆದವರಿಗೆಲ್ಲ ತಿಳಿದಿರುವ ಅನ್ಯಾಯವೊಂದಿದೆ. ನಮಗೆ ಬೇಕಾದ ಸೂಕ್ಷ್ಮಜೀವಿಗಳು ಆಷಾಢ ಬಂದೊಡನೆ ಮುದುಡಿ ಮಲಗುತ್ತವೆ, ಬೇಡದವು ಹಗಲಿರುಳೂ ದುಡಿಯುತ್ತವೆ. ರುಬ್ಬಿಟ್ಟ ಹಿಟ್ಟು ಎರಡು ರಾತ್ರಿ ಕಳೆದರೂ ಉಬ್ಬುವುದಿಲ್ಲ, ಹಾಲು ಹೆಪ್ಪುಗಟ್ಟುವುದಿಲ್ಲ. ಬೀರುವಿನೊಳಗೆ ತೂಗುಹಾಕಿದ ಚರ್ಮದ ಬೆಲ್ಟಾದರೋ ನಾಲ್ಕೇ ದಿನಗಳಲ್ಲಿ ಬಿಳಿ ಬೂಷ್ಟು ಹೊದ್ದು, ವಿಭೂತಿ ಬಳಿದ ಹಾವಿನಂತೆ ದರ್ಶನ ಕೊಡುತ್ತದೆ. ನಮ್ಮ ಭಾಗದ ಬೂಷ್ಟಿನ ಕುಲ ಸಾಮಾನ್ಯದ್ದಲ್ಲ. ಕಾಫಿ ಗಿಡದ ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರಕ್ಕೆ ವಿಜ್ಞಾನಿಗಳು ಹೆಸರಿಡುವಾಗ ನಮ್ಮ ಪದವನ್ನೇ ಎತ್ತಿಕೊಂಡು ‘ಕೊಳೆರೋಗ ನಾಕ್ಸಿಯಾ’ ಎಂದರು. ಕನ್ನಡಕ್ಕೆ ಲ್ಯಾಟಿನ್ನಿನ ಪಕ್ಕದಲ್ಲಿ ಆಸನ ದೊರಕಿಸಿಕೊಟ್ಟದ್ದು, ನೋಡಿ, ಒಂದು ಬೂಷ್ಟು.

ಎಂಟನೆಯ ತರಗತಿಯಲ್ಲಿ ಓದುತ್ತಿರುವ ಮಗಳಿಗೆ ಈಗ ಸೂಕ್ಷ್ಮಜೀವಿಗಳ ಪಾಠ ನಡೆಯುತ್ತಿರುವುದರಿಂದ ಮನೆಯಲ್ಲಿ ಅವುಗಳ ಪರವಾಗಿ ವಾದಿಸಲು ಒಬ್ಬ ವಕೀಲೆಯೂ ಇದ್ದಾಳೆ. ನಾನು ಬೆಲ್ಟನ್ನು ಎತ್ತಿ ಹಿಡಿದು ಬಯ್ಯುತ್ತಿದ್ದರೆ ಅವಳು 1928ನೆಯ ಇಸವಿಗೆ ಹೋದಳು. ಲಂಡನ್ನಿನ ಅಲೆಗ್ಸಾಂಡರ್ ಫ್ಲೆಮಿಂಗ್ ರಜೆ ಮುಗಿಸಿ ಪ್ರಯೋಗಾಲಯಕ್ಕೆ ಮರಳಿದಾಗ, ಬ್ಯಾಕ್ಟೀರಿಯಾ ಬೆಳೆಸಿದ್ದ ಗಾಜಿನ ತಟ್ಟೆಯೊಂದಕ್ಕೆ ಬೂಷ್ಟು ಹಿಡಿದಿತ್ತಂತೆ, ಅದರ ಸುತ್ತಲಿನ ಬ್ಯಾಕ್ಟೀರಿಯಾಗಳು ಕರಗಿಹೋಗಿದ್ದವಂತೆ, ಪೆನಿಸಿಲಿನ್ ಬಂದದ್ದು ಹಾಗಂತೆ. ತಟ್ಟೆಗೆ ಬೂಷ್ಟು ಹಿಡಿಸಿದ ಆ ಮಹಾನುಭಾವನಿಗೆ 1945ರಲ್ಲಿ ನೊಬೆಲ್ ಬಹುಮಾನದ ಪಾಲು ಸಿಕ್ಕಿತು. ಬೆಲ್ಟಿಗೆ ಬೂಷ್ಟು ಹಿಡಿಸಿದ ನನಗೆ ಹೆಂಡತಿಯಿಂದ ಒಂದು ಹಳೆಯ ಬನಿಯನ್ನಿನ ಚೂರು ಸಿಕ್ಕಿತು, ಒರೆಸಿಕೊಳ್ಳಲು.

ಹಿಟ್ಟಿನ ವಿಷಯದಲ್ಲಿಯೂ ಮಗಳ ವಿವರಣೆ ಖಚಿತವಾಗಿತ್ತು. ಅಕ್ಕಿ, ಉದ್ದುಗಳ ಜೊತೆಯಲ್ಲಿಯೇ ಬರುವ ಬ್ಯಾಕ್ಟೀರಿಯಾಗಳು ಹಿಟ್ಟಿನ ಸಕ್ಕರೆಯನ್ನು ತಿಂದು ಆಮ್ಲವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತವೆ, ಆಮ್ಲದಿಂದ ಹುಳಿ ಬರುತ್ತದೆ, ಉದ್ದಿನ ಲೋಳೆಯಲ್ಲಿ ಸಿಕ್ಕಿಕೊಂಡ ಅನಿಲದಿಂದ ಹಿಟ್ಟು ಉಬ್ಬುತ್ತದೆ. ಅವುಗಳಿಗೆ 30 ಡಿಗ್ರಿಯಷ್ಟು ಬೆಚ್ಚಗಿರಬೇಕು, ನಮ್ಮ ಅಡುಗೆಮನೆಯಲ್ಲಿ ರಾತ್ರಿ 20 ಡಿಗ್ರಿ ಇದ್ದರೆ ಹೆಚ್ಚು.

“ಸತ್ತಿಲ್ಲ ಅಪ್ಪ, ನಿಧಾನವಾಗಿವೆ ಅಷ್ಟೆ” ಎಂದಳು. ನಮ್ಮ ಕಚೇರಿಯಲ್ಲಿಯೂ ಅಂಥವರಿದ್ದಾರೆ, ಆದರೆ ಅವರಿಗೆ ಯಾರೂ ಸ್ವೆಟರ್ ಹೊದಿಸುವುದಿಲ್ಲ.

ಹೊದಿಸುವವಳು ನನ್ನ ಅಮ್ಮ. ಡಿಗ್ರಿಯ ಲೆಕ್ಕ ಅವಳಿಗೆ ಬೇಕಿಲ್ಲ. ಹಾಲಿಗೆ ಹೆಪ್ಪು ಹಾಕುವ ಮುನ್ನ ಕಿರುಬೆರಳು ಅದ್ದಿ ನೋಡುತ್ತಾಳೆ, ಆ ಬೆರಳು ಒಪ್ಪಿದ ಬಿಸಿಯಲ್ಲಿ ಬ್ಯಾಕ್ಟೀರಿಯಾ ಸಾಯುವುದೂ ಇಲ್ಲ, ಮಲಗುವುದೂ ಇಲ್ಲ. ದೋಸೆಹಿಟ್ಟು ಮಾತ್ರ ಅವಳ ಪಾಲಿಗೆ ಎಳೆಗೂಸು. ಪಾತ್ರೆಯನ್ನು ನನ್ನ ಸ್ವೆಟರಿನೊಳಗೆ ಕೂರಿಸಿ, ಎರಡು ತೋಳುಗಳನ್ನೂ ಮುಂದಕ್ಕೆ ತಂದು ಗಂಟು ಹಾಕಿ, ಗೋಡೆಗೆ ಒರಗಿಸುತ್ತಾಳೆ. ಕತ್ತಲಲ್ಲಿ ನೀರು ಕುಡಿಯಲು ಹೋದವರಿಗೆ ಯಾರೋ ಮೋಟುಮನುಷ್ಯ ಕೈಕಟ್ಟಿ ಕುಳಿತಂತೆ ಕಾಣುತ್ತದೆ. ರಾತ್ರಿ ಎರಡು ಗಂಟೆಗೆ ಟಾರ್ಚು ಹಿಡಿದು ಹೋಗಿ, ಮುಚ್ಚಳ ಸರಿಸಿ, ಕಿವಿಯಿಟ್ಟು ಗುಳ್ಳೆಗಳ ಚಿಟಿಚಿಟಿ ಸದ್ದನ್ನು ಆಲಿಸುತ್ತಾಳೆ. ಬಳಿಕ ನನ್ನ ಮಂಚದ ಬಳಿ ಬಂದು, “ಇನ್ನೂ ಎದ್ದಿಲ್ಲ ಕಣೋ” ಎನ್ನುತ್ತಾಳೆ. ಏಳದ ಹಿಟ್ಟಿನ ಸುದ್ದಿ ಹೇಳಲು ಮಲಗಿದ ಮಗನನ್ನು ಏಳಿಸುವ ತಾಯಿ ಜಗತ್ತಿನಲ್ಲಿ ಬೇರೆಲ್ಲಿಯಾದರೂ ಇರುವಳೇ? ನನಗೂ ಚಳಿಯಾಗುತ್ತದೆ, ಸ್ವೆಟರ್ ಕೊಡು ಎಂದರೆ, “ನಿನಗೆ ರಗ್ಗು ಇದೆಯಲ್ಲ, ಅದಕ್ಕೇನಿದೆ ಪಾಪ” ಎಂಬ ಉತ್ತರ ಸಿದ್ಧವಾಗಿರುತ್ತದೆ.

ಕಳೆದ ವಾರ, ಮೂರನೆಯ ದಿನ, ಇದ್ದಕ್ಕಿದ್ದಂತೆ ಬಿಸಿಲು ಬಿತ್ತು. ಅಮ್ಮ ಪಾತ್ರೆಯನ್ನು ಸ್ವೆಟರ್ ಸಮೇತ ಕಿಟಕಿಯ ಬಳಿ ಇಟ್ಟಳು. ನಾವೆಲ್ಲ ನಾಮಕರಣಕ್ಕೆಂದು ಹೋಗಿ ಸಂಜೆ ಮರಳುವಷ್ಟರಲ್ಲಿ, ಮೂರು ದಿನದ ಬಾಕಿಯನ್ನೆಲ್ಲ ಒಂದೇ ಮಧ್ಯಾಹ್ನದಲ್ಲಿ ತೀರಿಸಿದ ಹಿಟ್ಟು ಮುಚ್ಚಳವನ್ನು ನೂಕಿ, ಕೊರಳಪಟ್ಟಿಯಿಂದ ಹೊರಬಂದು, ಎಡತೋಳಿನೊಳಗೆ ಮೊಣಕೈವರೆಗೂ ಇಳಿದಿತ್ತು. ನಾನು ಕೂಗಾಡಿದೆ. ಅಮ್ಮನ ಮುಖದಲ್ಲಿ ಮಾತ್ರ ಮೊಮ್ಮಗು ಮೊದಲ ಹೆಜ್ಜೆಯಿಟ್ಟ ಸಂಭ್ರಮವಿತ್ತು. ಒಗೆದು, ಇಸ್ತ್ರಿಪೆಟ್ಟಿಗೆಯಲ್ಲಿ ಅರೆಬರೆ ಒಣಗಿಸಿ, ಸೋಮವಾರ ಅದನ್ನೇ ತೊಟ್ಟು ಕಚೇರಿಗೆ ಹೋದೆ. ಮಳೆಗೆ ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಹನ್ನೊಂದು ಗಂಟೆಯ ಹೊತ್ತಿಗೆ ಅಕ್ಕಪಕ್ಕದ ಮೇಜಿನವರು ಕಾರಣ ತಿಳಿಯದೆಯೇ ಹಸಿದು, ಒಬ್ಬೊಬ್ಬರಾಗಿ ಮಸಾಲೆದೋಸೆ ತಿನ್ನಲು ಎದ್ದುಹೋದರು. ಅಂದು ಸಂಜೆ ಎರಡನೆಯ ಬಾರಿ ಒಗೆದದ್ದೇ ಈಗ ಹಗ್ಗದ ಮೇಲಿರುವುದು.

ಇಷ್ಟೆಲ್ಲ ಬಯ್ದರೂ ಹೆಪ್ಪಿನ ವಿಷಯ ಬಂದರೆ ನಾನು ಬಾಯಿ ಮುಚ್ಚಬೇಕಾಗುತ್ತದೆ. ಕೊಪ್ಪದ ಕಡೆಯ ಅಜ್ಜಿಯ ಮನೆಯಿಂದ ಅಮ್ಮ ಒಂದು ಪುಟ್ಟ ಸ್ಟೀಲ್ ಬಟ್ಟಲಿನಲ್ಲಿ ಹೆಪ್ಪು ತಂದಿದ್ದಳು. ಅಜ್ಜಿ ಹೋದ ಮೇಲೂ ನಾಲ್ಕು ವರ್ಷ, ಇಂದಿನ ಮೊಸರಿನಿಂದ ನಾಳೆಗೊಂದು ಚಮಚ ಎತ್ತಿಟ್ಟು, ಅಮ್ಮ ಅದನ್ನು ಬದುಕಿಸಿಕೊಂಡು ಬಂದಿದ್ದಳು. ಹೋದ ವರ್ಷ ಒಂದು ರಾತ್ರಿ ಹಸಿವಾಗಿ, ಬಟ್ಟಲಿನಲ್ಲಿದ್ದುದನ್ನೆಲ್ಲ ಅನ್ನಕ್ಕೆ ಸುರಿದುಕೊಂಡು ಮಿಡಿ ಉಪ್ಪಿನಕಾಯಿಯ ಜೊತೆ ತಿಂದುಬಿಟ್ಟೆ. ಬೆಳಿಗ್ಗೆ ಅಮ್ಮ ಏನೂ ಅನ್ನಲಿಲ್ಲ. ಬಟ್ಟಲನ್ನು ತೊಳೆದು ಬೋರಲಿಟ್ಟಳು. ಪ್ಯಾಕೆಟ್ ಮೊಸರಿನ ಹೆಪ್ಪಿನಿಂದಲೂ ಮೊಸರಾಗುತ್ತದೆ, ಆದರೆ ಚಮಚ ಎತ್ತಿದರೆ ಲೋಳೆಯಾಗಿ ನೂಲೆಳೆಯುತ್ತದೆ.

ಇಂದು ಮತ್ತೆ ಅಕ್ಕಿ ನೆನೆಹಾಕಿದ್ದಾಳೆ. ಸ್ವೆಟರ್ ಒಣಗಿಲ್ಲವಾದ್ದರಿಂದ ಸಂಜೆಯಿಂದ ನನ್ನ ಮಫ್ಲರಿನ ಮೇಲೆ ಕಣ್ಣಿಟ್ಟಿದ್ದಾಳೆ. ಅದನ್ನು ಕೊರಳಿಗೆ ಎರಡು ಸುತ್ತು ಬಿಗಿದುಕೊಂಡೇ ಇದನ್ನು ಬರೆಯುತ್ತಿದ್ದೇನೆ.