ಕೇಸು ಗೆಲ್ಲೋದು ಬೇರೆ, ದುಡ್ಡು ಕೈಗೆ ಬರೋದು ಬೇರೆ

ಚಿಂತಾಮಣಿ ಕೋರ್ಟಿನ ಹತ್ತಿರ ನನ್ನದೊಂದು ಟೈಪಿಂಗ್ ಅಂಗಡಿ ಇದೆ. ಲೀಗಲ್ ನೋಟೀಸು, ಅಫಿಡವಿಟ್ಟು, ದಾವೆ ಎಲ್ಲ ವಕೀಲರು ಹೇಳಿದಂತೆ ಟೈಪ್ ಮಾಡಿಕೊಡುವುದು ನನ್ನ ಕೆಲಸ. ಕೊಟ್ಟ ಸಾಲ ವಾಪಸ್ ಬಾರದೆ ಇಲ್ಲಿಗೆ ಬಂದವರು ಬೆಂಚಿನ ಮೇಲೆ ಕೂತು ಕೇಳುವುದು ಒಂದೇ ಮಾತು: "ಅಣ್ಣಾ, ಕೇಸ್ ಗೆಲ್ತೀನಾ?" ಸಹಿ ಇರುವ ಪ್ರೋನೋಟು (ಸಾಲ ತೀರಿಸುತ್ತೇನೆ ಅಂತ ಬರೆದುಕೊಟ್ಟ ಪತ್ರ) ಕೈಯಲ್ಲಿದ್ದವರು ಬಹುಮಟ್ಟಿಗೆ ಗೆಲ್ಲುತ್ತಾರೆ. ಗೆದ್ದೂ ಬರಿಗೈಯಲ್ಲಿ ಓಡಾಡುವವರನ್ನು ದಿನಾ ನೋಡುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ದಾವೆ ಹಾಕುವ ಮುಂಚೆ ಕೇಳಿಕೊಳ್ಳಬೇಕಾದ್ದು ಬೇರೆ. ದಾವೆ ಹಾಕಲು ಇನ್ನೂ ಕಾಲ ಇದೆಯಾ? ಗೆದ್ದಮೇಲೆ ಸಾಲ ತಗೊಂಡವನ ಯಾವ ಆಸ್ತಿಯಿಂದ ದುಡ್ಡು ಬರುತ್ತೆ?

2023ರ ಜುಲೈ ನಮ್ಮ ಕಡೆ ಯಾರಿಗೂ ಮರೆತಿರಲಿಕ್ಕಿಲ್ಲ. ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತ್ತು. ಆ ಸೀಸನ್ನಿನಲ್ಲಿ ಬೆಳೆ ಕೈಹಿಡಿದವರ ಮನೆಗೆ ನೆಂಟರೂ ಬಂದರು, ಸ್ನೇಹಿತರೂ ಬಂದರು. ಬೋರ್‌ವೆಲ್ಲಿಗೆ, ಮಗಳ ಮದುವೆಗೆ, ಸೈಟಿನ ಅಡ್ವಾನ್ಸಿಗೆ ಅಂತ ಕೈಬದಲು ಕೇಳಿದರು. ಇವರೂ ಇಲ್ಲ ಅನ್ನಲಾರದೆ ಕೊಟ್ಟರು. ಸ್ವಲ್ಪ ಎಚ್ಚರವಿದ್ದವರು ಪ್ರೋನೋಟು ಬರೆಸಿಕೊಂಡು ಬೀರುವಿನಲ್ಲಿಟ್ಟರು. ಆ ತಿಂಗಳು ಬರೆಸಿದ ಪ್ರೋನೋಟಿಗೆ 2026ರ ಜುಲೈಗೆ ಗಡುವು ಮುಗಿಯುತ್ತದೆ. ಪ್ರೋನೋಟಿನ ಆಯಸ್ಸು ಮೂರೇ ವರ್ಷ.

ಪ್ರೋನೋಟಿನಲ್ಲಿ "ತಾವು ಕೇಳಿದಾಗ ಕೊಡುತ್ತೇನೆ" ಅಂತ ಬರೆದಿರುತ್ತದೆ. ಅದನ್ನು ಓದಿದವರು, ಕೇಳಿದ ದಿನದಿಂದ ಲೆಕ್ಕ ಅಂದುಕೊಂಡುಬಿಡುತ್ತಾರೆ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಬರೆದ ದಿನದಿಂದಲೇ ಎಣಿಕೆ. ಪ್ರೋನೋಟಿಲ್ಲದೆ, ವಾಪಸ್ ಕೊಡುವ ತಾರೀಕೂ ಗೊತ್ತುಮಾಡದೆ ಕೊಟ್ಟ ಕೈಸಾಲಕ್ಕೂ ಕೊಟ್ಟ ದಿನದಿಂದ ಮೂರು ವರ್ಷ. ನೋಟೀಸು ಕೊಟ್ಟರೆ ಗಡುವು ಮುಂದಕ್ಕೆ ಹೋಗುತ್ತೆ ಅಂತ ನಂಬಿದವರಿದ್ದಾರೆ, ಹೋಗುವುದಿಲ್ಲ. ಎದುರು ಪಾರ್ಟಿ ಕಾಲದ ವಿಷಯ ಎತ್ತದೆ ಸುಮ್ಮನಿದ್ದರೂ ಗಡುವು ಮೀರಿದ ದಾವೆಯನ್ನು ಜಡ್ಜ್ ವಜಾ ಮಾಡಲೇಬೇಕು.

ಈ ಮೂರು ವರ್ಷವನ್ನು ನಮ್ಮ ಜನ ದಾಕ್ಷಿಣ್ಯಕ್ಕೆ ಸವೆಸಿಬಿಡುತ್ತಾರೆ. "ಈ ಬೆಳೆ ಕೀಳಲಿ ಮಾವಾ", "ಯುಗಾದಿ ಕಳೀಲಿ", "ಗೂಡಿನ ದುಡ್ಡು ಬರಲಿ" ಅಂತ ಸಾಲ ತಗೊಂಡವನು ಹೇಳುತ್ತಾನೆ. ಭಾವಮೈದುನನ ಮೇಲೆ ಕೇಸ್ ಹಾಕಿದರೆ ಊರವರು ಏನಂದಾರು ಅಂತ ಇವರು ಕಾಯುತ್ತಾರೆ. ಕಾಯಿರಿ, ತಪ್ಪಿಲ್ಲ, ನೆಂಟಸ್ತಿಕೆಗೂ ಬೆಲೆ ಇದೆ. ಆದರೆ ಸಹಿ ಹಾಕಿಸಿಕೊಂಡು ಕಾಯಿರಿ. ಮೂರು ವರ್ಷ ತುಂಬುವ ಮುಂಚೆ "ಇಷ್ಟು ಬಾಕಿ ಇರುವುದು ನಿಜ" ಅಂತ ಅವನು ಬರೆದು ಸಹಿ ಹಾಕಿದರೆ ಆ ಸಹಿಯ ದಿನದಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. ಒಂದು ಸಾವಿರವೇ ಕೊಡಲಿ, ಪ್ರೋನೋಟಿನ ಹಿಂಬದಿಯಲ್ಲಿ ಜಮಾ ಬರೆಸಿ, ಅವನ ಸಹಿ ಪಡೆದರೂ ಸರಿ. ಗಡುವು ಮುಗಿದ ಮಾರನೇ ದಿನ ಬಾಕಿ ಒಪ್ಪಿಕೊಂಡರೆ ಪ್ರಯೋಜನವಿಲ್ಲ. ಆಗ ಹಳೇ ಸಾಲವನ್ನು ತೀರಿಸುತ್ತೇನೆ ಅಂತ ಹೊಸದಾಗಿ ಬರೆದುಕೊಡಬೇಕು, ಅಷ್ಟು ಹೊತ್ತಿಗೆ ಯಾರು ಬರೆದುಕೊಡುತ್ತಾರೆ?

ವಾಟ್ಸಾಪ್‌ನಲ್ಲಿ "ಕೊಡ್ತೀನಿ ಅಣ್ಣ, ಸ್ವಲ್ಪ ಟೈಮ್ ಕೊಡಿ" ಅಂತ ಬಂದ ಮೆಸೇಜನ್ನು ಅಳಿಸಬೇಡಿ, ಆ ಫೋನನ್ನೂ ಮಾರಬೇಡಿ. ಕೋರ್ಟಿಗೆ ಅದನ್ನು ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಬೇಕಾದ ಸರ್ಟಿಫಿಕೇಟ್ ಜೊತೆ ಹಾಜರುಪಡಿಸಬಹುದು. ಹಾಗಂತ ಅದೊಂದನ್ನೇ ನೆಚ್ಚಿಕೊಂಡು ಕೂರುವುದು ಬೇಡ. ಪ್ರೋನೋಟಿಗೆ ರೆವೆನ್ಯೂ ಸ್ಟಾಂಪು ಅಂಟಿಸಿ ಅದರ ಮೇಲೇ ಸಹಿ ಹಾಕಿಸುವುದನ್ನಂತೂ ಮರೆಯಬೇಡಿ. ಬೇರೆ ಕೆಲವು ಪತ್ರಗಳಿಗೆ ಸ್ಟಾಂಪು ಕಡಿಮೆಯಾದರೆ ದಂಡ ಕಟ್ಟಿ ಸರಿಮಾಡಿಸಬಹುದು. ಸ್ಟಾಂಪಿಲ್ಲದ ಪ್ರೋನೋಟನ್ನು ದಂಡ ಕಟ್ಟಿದರೂ ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ.

ಇನ್ನು ಆಸ್ತಿಯ ವಿಷಯ. ನನಗೆ ಹೆಚ್ಚು ಸಂಕಟವಾಗುವುದು ಇಲ್ಲೇ. ಶಿಡ್ಲಘಟ್ಟದ ಕಡೆಯ ಒಬ್ಬ ಹೆಣ್ಣುಮಗಳು ಸೈಟು ಮಾರಿದ ದುಡ್ಡನ್ನು ಗಂಡನ ದಾಯಾದಿಗೆ ಕೊಟ್ಟಿದ್ದರು. ಅವನಿಗೆ ರಸ್ತೆ ಪಕ್ಕದಲ್ಲೇ ಜಮೀನಿತ್ತು, ಅದೇ ಧೈರ್ಯ. ನೋಟೀಸು ಕೈಸೇರಿದ ಕೆಲವೇ ವಾರಗಳಲ್ಲಿ ಅವನು ಆ ಜಮೀನನ್ನು ತಮ್ಮನ ಹೆಸರಿಗೆ ದಾನಪತ್ರ ಮಾಡಿಕೊಟ್ಟ. ದಾವೆ ನಡೆಯಿತು, ಅವನು ಕೋರ್ಟಿಗೇ ಬರಲಿಲ್ಲ, ಇವರಿಗೆ ಎಕ್ಸ್‌ಪಾರ್ಟಿ ಡಿಕ್ರಿ, ಅಂದರೆ ಅವನ ಗೈರುಹಾಜರಿಯಲ್ಲೇ ಇವರ ಪರ ತೀರ್ಪು, ಆಯಿತು. ಮನೆಯವರೆಲ್ಲ ಸಿಹಿ ಹಂಚಿದರು. ಆಮೇಲೆ ಇಸಿ (ಆಸ್ತಿಯ ಮಾರಾಟ, ಅಡಮಾನ ತೋರಿಸುವ ಋಣಭಾರ ಪತ್ರ) ತೆಗೆಸಿದರೆ ಅವನ ಹೆಸರಿನಲ್ಲಿ ಏನೂ ಇಲ್ಲ! ಸಾಲಗಾರರಿಗೆ ಮೋಸ ಮಾಡಲೆಂದೇ ಮಾಡಿದ ವರ್ಗಾವಣೆಯನ್ನು ಕೋರ್ಟಿನಲ್ಲಿ ರದ್ದು ಮಾಡಿಸಬಹುದು, ಆಸ್ತಿ ವರ್ಗಾವಣೆ ಕಾಯ್ದೆಯ 53ನೇ ಕಲಂ ಇರುವುದೇ ಅದಕ್ಕೆ. ಆದರೆ ಅದು ಇನ್ನೊಂದು ದಾವೆ, ಇನ್ನಷ್ಟು ವರ್ಷ.

ನೋಟೀಸು ಕೊಡುವ ಮುಂಚೆಯೇ ಅವನ ಜಮೀನಿನ ಪಹಣಿ ತೆಗೆಸಿ, ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಇಸಿ ತೆಗೆಸಿ ನೋಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಬ್ಯಾಂಕಿಗೆ ಎಷ್ಟು ಅಡವಾಗಿದೆ, ಜಂಟಿ ಖಾತೆಯೋ ಒಬ್ಬನದೋ, ಅಣ್ಣತಮ್ಮಂದಿರ ಭಾಗ ಆಗಿದೆಯೋ ಇಲ್ಲವೋ ಎಲ್ಲ ನೋಡಿಕೊಳ್ಳಿ. ಅವನು ಆಸ್ತಿ ಕೈಬಿಡುವ ಹವಣಿಕೆಯಲ್ಲಿದ್ದಾನೆ ಅನ್ನುವುದಕ್ಕೆ ಆಧಾರವಿದ್ದರೆ ದಾವೆಯ ಜೊತೆಗೇ ತೀರ್ಪಿಗೆ ಮುಂಚಿನ ಜಪ್ತಿಗೆ ಅರ್ಜಿ ಹಾಕಲು ವಕೀಲರಿಗೆ ಹೇಳಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 38ನೇ ಆದೇಶದ 5ನೇ ನಿಯಮ ಅದು. ಬರೀ ಅನುಮಾನಕ್ಕೆ ಸಿಗುವುದಿಲ್ಲ. ಬ್ರೋಕರ್ ಜೊತೆ ಮಾತುಕತೆ, ಕರಾರು, ಗಿರಾಕಿಗಳು ಜಮೀನು ನೋಡಿಹೋದದ್ದು, ಇಂಥ ಏನಾದರೂ ತೋರಿಸಬೇಕು.

ಪೊಲೀಸ್ ಸ್ಟೇಷನ್ನಿಗೆ ಹೋದರೆ ಬೇಗ ಆಗುತ್ತೆ ಅನ್ನುವವರಿಗೆ ಒಂದು ಮಾತು. ಮೊದಲಿನಿಂದಲೇ ಮೋಸದ ಉದ್ದೇಶವಿತ್ತು ಅಂತಾದರೆ ಅದು ಕ್ರಿಮಿನಲ್. ತಗೊಂಡ ಸಾಲ ಕೊಡಲಿಲ್ಲ ಅನ್ನುವುದಷ್ಟೇ ಆದರೆ ಅದು ಸಿವಿಲ್, ವಸೂಲಿ ಮಾಡಿಕೊಡುವುದು ಪೊಲೀಸರ ಕೆಲಸವಲ್ಲ. ಅಲ್ಲಿ ಬಾಯಿಮಾತಿನಲ್ಲಿ ಆದ ರಾಜಿಗೆ ಆಧಾರವೂ ಇರುವುದಿಲ್ಲ. ಚೆಕ್ ಕೊಟ್ಟಿದ್ದರೆ ವಿಷಯ ಬೇರೆ. ಬೌನ್ಸ್ ಆದ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ನೋಟೀಸು, ನೋಟೀಸು ತಲುಪಿದ ಮೇಲೆ ಅವನಿಗೆ 15 ದಿನ, ಅದು ಮುಗಿದ ಒಂದು ತಿಂಗಳೊಳಗೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂನ ಕ್ರಿಮಿನಲ್ ದೂರು. ಈ ತಾರೀಕುಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟುಕೊಳ್ಳಿ. 138 ಹಾಕಿದ್ದೇವಲ್ಲ ಅಂತ ಸಿವಿಲ್ ದಾವೆಯ ಮೂರು ವರ್ಷ ಮರೆಯಬೇಡಿ. ಅದು ನಿಮಗಾಗಿ ನಿಲ್ಲುವುದಿಲ್ಲ.

ಡಿಕ್ರಿ ಬಂದಮೇಲೆ ಕೋರ್ಟೇ ದುಡ್ಡು ತಂದುಕೊಡುತ್ತೆ ಅನ್ನುವ ನಂಬಿಕೆ ಓದಿದವರಲ್ಲೂ ಇದೆ. ಹಾಗಾಗುವುದಿಲ್ಲ. ಡಿಕ್ರಿಯನ್ನು ಜಾರಿ ಮಾಡಿಸಲು ನೀವು ಅಮಲ್ಜಾರಿ ಅರ್ಜಿ ಹಾಕಬೇಕು. ಅದಕ್ಕೆ 12 ವರ್ಷ ಕಾಲವಿದೆ. ಯಾವ ಸರ್ವೆ ನಂಬರು, ಯಾವ ಬ್ಯಾಂಕ್ ಖಾತೆ, ಎಲ್ಲಿ ಸಂಬಳ, ಎಲ್ಲವನ್ನೂ ನೀವೇ ಹುಡುಕಿ ಪಟ್ಟಿ ಕೊಡಬೇಕು. ಅವನೇ ತನ್ನ ಆಸ್ತಿ ವಿವರವನ್ನು ಪ್ರಮಾಣಪತ್ರದಲ್ಲಿ ಸಲ್ಲಿಸುವಂತೆ ಕೇಳಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 41ನೇ ನಿಯಮದಲ್ಲಿ ದಾರಿ ಇದೆ. ಸಲ್ಲಿಸದಿದ್ದರೆ ಮೂರು ತಿಂಗಳವರೆಗೆ ಜೈಲೂ ಆಗಬಹುದು. ಇದನ್ನು ಬಳಸಿಕೊಳ್ಳುವವರು ಬಹಳ ಕಡಿಮೆ. ನಿಮ್ಮ ವಕೀಲರ ಹತ್ತಿರ ಕೇಳಿ.

ಎಲ್ಲವನ್ನೂ ಜಪ್ತಿ ಮಾಡಲಾಗುವುದಿಲ್ಲ, ಮಾಡಲೂಬಾರದು. ಅದೇ ಸಂಹಿತೆಯ 60ನೇ ಕಲಂ ರೈತನ ನೇಗಿಲು, ಎತ್ತು, ಬಿತ್ತನೆ ಕಾಳು, ಅವನು ವಾಸವಿರುವ ಮನೆ, ಅಡುಗೆ ಪಾತ್ರೆ ಇವನ್ನೆಲ್ಲ ಕಾಪಾಡುತ್ತದೆ. ಹೊಲಕ್ಕೆ ಆ ರಕ್ಷಣೆ ಇಲ್ಲ. ಸಂಬಳದಲ್ಲಿ ಮೊದಲ 1,000 ರೂಪಾಯಿ, ಮಿಕ್ಕಿದ್ದರಲ್ಲಿ ಮೂರರಲ್ಲಿ ಎರಡು ಭಾಗ ಮುಟ್ಟುವಂತಿಲ್ಲ. ಅಂದರೆ ಲೆಕ್ಕಕ್ಕೆ ಬರುವ ಸಂಬಳ 31,000 ಇದ್ದರೆ ತಿಂಗಳಿಗೆ 10,000 ಹಿಡಿಯಬಹುದು. "ಜೈಲಿಗೆ ಹಾಕಿಸ್ತೀನಿ" ಅಂತ ಹಟ ಹಿಡಿಯುವವರು ಇದನ್ನೂ ತಿಳಿದಿರಬೇಕು: ನಿಜವಾಗಿ ಕೈಲಾಗದವನನ್ನು ಸಾಲಕ್ಕಾಗಿ ಜೈಲಿಗೆ ಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ. ಇದ್ದೂ ಕೊಡದವನಿಗೆ ಹೆಚ್ಚೆಂದರೆ ಮೂರು ತಿಂಗಳು. ಅವನು ಒಳಗಿದ್ದಷ್ಟು ದಿನದ ಊಟದ ಖರ್ಚು ನೀವೇ ಕಟ್ಟಬೇಕು. ಹಣದ ಡಿಕ್ರಿಗೆ ಹೆಂಗಸರನ್ನು ಬಂಧಿಸುವಂತೆಯೇ ಇಲ್ಲ. ಈ ರಕ್ಷಣೆಗಳು ಸರಿಯಾಗಿವೆ ಅಂತಲೇ ನನ್ನ ಅಭಿಪ್ರಾಯ. ಬಡವನ ಎತ್ತು ಹಿಡಿದುಕೊಂಡು ಹೋಗಿ ಯಾರೂ ಉದ್ಧಾರವಾಗುವುದಿಲ್ಲ.

ನನ್ನ ಸಿಟ್ಟಿರುವುದು ವಿಳಂಬದ ಮೇಲೆ. ಅಮಲ್ಜಾರಿ ಅರ್ಜಿಯನ್ನು ಆರು ತಿಂಗಳಲ್ಲಿ ಮುಗಿಸಬೇಕು ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು, 2025ರಲ್ಲಿ ಮತ್ತೆ ಹೇಳಿತು. ಆ ವರ್ಷ ಲೆಕ್ಕ ತರಿಸಿದಾಗ ದೇಶದಲ್ಲಿ ಬಾಕಿ ಇದ್ದ ಅಮಲ್ಜಾರಿ ಅರ್ಜಿಗಳು 8.82 ಲಕ್ಷ. ಇವರೆಲ್ಲ ಆಗಲೇ ಗೆದ್ದವರು! ಸಾಕ್ಷಿ ಹೇಳಿ, ಪಾಟಿಸವಾಲು ಎದುರಿಸಿ, ಕೋರ್ಟ್ ಫೀ ಕಟ್ಟಿ ಗೆದ್ದವರು. ಅವರಿಗೆ ವಾಯಿದೆ ಮೇಲೆ ವಾಯಿದೆ ಕೊಡುವುದು ಅನ್ಯಾಯ. ಹಗಲೆಲ್ಲ ಕೂಲಿ ಬಿಟ್ಟು ಬಂದು ಮುಂದಿನ ತಾರೀಕು ಬರೆದುಕೊಂಡು ಹೋಗುವ ವಯಸ್ಸಾದವರ ಮುಖ ನೋಡಲಾಗುವುದಿಲ್ಲ.

ಅದಕ್ಕೇ ಲೋಕ ಅದಾಲತ್ ಅಂದರೆ ಮೂಗು ಮುರಿಯಬೇಡಿ. ಐದು ಲಕ್ಷದ ಬಾಕಿಗೆ ಮೂರೂವರೆ ಲಕ್ಷ ಈಗಲೇ ಸಿಗುವುದಾದರೆ ಕೂತು ಯೋಚನೆ ಮಾಡಿ. ಅಲ್ಲಾದ ರಾಜಿಗೆ ಡಿಕ್ರಿಯ ಬಲವಿದೆ, ಅದರ ಮೇಲೆ ಅಪೀಲು ಇಲ್ಲ, ಕಟ್ಟಿದ ಕೋರ್ಟ್ ಫೀ ವಾಪಸ್ ಬರುತ್ತದೆ. ಒಂದೇ ಎಚ್ಚರಿಕೆ: ಕಂತು ಒಪ್ಪಿಕೊಂಡರೆ, ಒಂದು ಕಂತು ತಪ್ಪಿದರೂ ಪೂರ್ತಿ ಬಾಕಿ ಬಡ್ಡಿ ಸಮೇತ ಒಟ್ಟಿಗೆ ಕೊಡಬೇಕು ಅನ್ನುವ ಸಾಲನ್ನು ರಾಜಿ ಅರ್ಜಿಯಲ್ಲಿ ಬರೆಸದೆ ಸಹಿ ಹಾಕಬೇಡಿ.

ವಕೀಲರ ಫೀಸಿಗೆ ಹೆದರಿ ಮನೆಯಲ್ಲಿ ಕೂತವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. 15100ಕ್ಕೆ ಫೋನ್ ಮಾಡಿದರೂ ಮಾಹಿತಿ ಸಿಗುತ್ತದೆ. ಹೋಗುವಾಗ ಪ್ರೋನೋಟಿನ ಅಸಲು, ಪಾಸ್‌ಬುಕ್ಕು, ಅವನ ಪಹಣಿ, ಇಸಿ ಜೊತೆಗಿರಲಿ. ಅಸಲನ್ನು ತೋರಿಸಿ, ಕೈಗೆ ಜೆರಾಕ್ಸ್ ಮಾತ್ರ ಕೊಡಿ.