ಸೊಪ್ಪಿನೊಳಗಿನ ಬರ್ಗರ್

ನಮ್ಮ ಯಜಮಾನರು ಎಪ್ಪತ್ತು ವರ್ಷಗಳಲ್ಲಿ ತಿಂದಿರುವುದು ಒಂದೇ ಒಂದು ಬರ್ಗರ್. ಅದರಲ್ಲಿ ಬನ್ನೂ ಇರಲಿಲ್ಲ, ನಡುವೆ ಇರಬೇಕಾದ ಪ್ಯಾಟಿಯೂ ಇರಲಿಲ್ಲ. ಆದರೂ ಜಗತ್ತಿನ ಅತ್ಯುತ್ತಮ ಬರ್ಗರ್ ಎಲ್ಲಿ ಸಿಗುತ್ತದೆ ಎಂದು ಕೇಳಿ ನೋಡಿ, ಊಟದ ಹೊತ್ತು ಮೀರುವವರೆಗೆ ಬಿಡುವುದಿಲ್ಲ.

ಈ ರೋಗದ ಬೇರು ಅಮೆರಿಕದಲ್ಲಿಲ್ಲ, ನಜರ್‌ಬಾದಿನಲ್ಲಿದೆ. ಮೈಸೂರಿನವರಿಗೆ ಗೊತ್ತು, ಅಲ್ಲಿ ಒಂದೇ ರಸ್ತೆಯಲ್ಲಿ ಮೈಲಾರಿ ಎಂಬ ಹೆಸರಿನ ಎರಡು ದೋಸೆ ಹೋಟೆಲುಗಳಿವೆ. ಯಾವುದು ಅಸಲು ಎಂಬ ಪ್ರಶ್ನೆಗೆ ಇಡೀ ಊರು ಎರಡು ಹೋಳಾಗಿದೆ. ನನ್ನ ಅತ್ತೆಯ ಮನೆಯವರು ಒಂದರ ಕಡೆ, ನನ್ನ ತವರಿನವರು ಇನ್ನೊಂದರ ಕಡೆ. ಮದುವೆಗೆ ಮುಂಚೆ ಜಾತಕ ನೋಡಿದರು, ಗೋತ್ರ ಕೇಳಿದರು, ನನಗೆ ಹಾಡಲು ಬರುತ್ತದೆಯೇ ಎಂದೂ ವಿಚಾರಿಸಿದರು. ಕೇಳಬೇಕಾಗಿದ್ದ ಈ ಒಂದನ್ನು ಮಾತ್ರ ಯಾರೂ ಕೇಳಲಿಲ್ಲ. ಮದುವೆಯಾದ ಮೂರನೆಯ ಭಾನುವಾರ ನಾನು ಅಭ್ಯಾಸಬಲದಿಂದ ತವರಿನ ಮೈಲಾರಿಯ ಮೆಟ್ಟಿಲು ಹತ್ತಿದಾಗ ಇವರು ರಸ್ತೆಯಲ್ಲೇ ನಿಂತುಬಿಟ್ಟರು. ಅಂದಿನಿಂದ ನಾನು ಗಂಡನ ಮನೆಯ ಮೈಲಾರಿಗೆ ಸೇರಿದವಳು. ಯಾವುದು ಯಾರದ್ದು ಎಂದು ಇಲ್ಲಿ ಬರೆಯುವುದಿಲ್ಲ, ಇನ್ನೂ ಆ ಊರಿನಲ್ಲಿ ಬಾಳಬೇಕು.

ಹೀಗಾಗಿ ನನ್ನ ಅಣ್ಣನ ಮಗ ಏನು ಹೇಳಿದರೂ ಇವರು ಅದಕ್ಕೆ ವಿರುದ್ಧ. ಅವನು ಈಗ ನ್ಯೂಜೆರ್ಸಿಯಲ್ಲಿದ್ದು, ದಿನವೂ ನ್ಯೂಯಾರ್ಕಿಗೆ ಕೆಲಸಕ್ಕೆ ಹೋಗುತ್ತಾನೆ. ನಮ್ಮ ಮಗ ಇರುವುದು ಇನ್ನೊಂದು ತುದಿಯಲ್ಲಿ, ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ. ನಾವು ಮಗನ ಮನೆಗೆ ಹೋಗಿದ್ದಾಗ ನಮ್ಮನ್ನು ನೋಡಲೆಂದು ಈ ಸೋದರಳಿಯನೂ ಬರುವುದೆಂದಾಯಿತು. ಅವನನ್ನು ಕರೆತರಲು ಲಾಸ್ ಏಂಜಲೀಸ್ ವಿಮಾನ ನಿಲ್ದಾಣಕ್ಕೆ ಸುಮಾರು 65 ಕಿಲೋಮೀಟರ್ ದೂರ ಹೊರಟೆವು. ದಾರಿಯಲ್ಲಿ ಫೋನು ಬಂತು, ವಿಮಾನ ಒಂದೂವರೆ ಗಂಟೆ ತಡ. ಮಗನ ಮುಖ ಅರಳಿತು.

“ಅಪ್ಪ, ನಿಲ್ದಾಣದ ಪಕ್ಕದಲ್ಲೇ ಇನ್-ಎನ್-ಔಟ್ ಇದೆ. ಜಗತ್ತಿನ ಅತ್ಯುತ್ತಮ ಬರ್ಗರ್. ನೀವು ಒಮ್ಮೆ ನೋಡಲೇಬೇಕು.”

ತಿನ್ನಲೇಬೇಕು ಎನ್ನಲಿಲ್ಲ, ನೋಡಲೇಬೇಕು ಎಂದ. ನಾವು ಶುದ್ಧ ಸಸ್ಯಾಹಾರಿಗಳು. ಮಗ ಅಲ್ಲಿ ಏನು ತಿನ್ನುತ್ತಾನೆಂದು ನಾನು ಕೇಳಿಲ್ಲ, ಅವನು ಹೇಳಿಲ್ಲ. ಮನೆಯ ನೆಮ್ಮದಿ ಇಂಥ ಕೇಳದ ಪ್ರಶ್ನೆಗಳ ಮೇಲೆಯೇ ನಿಂತಿರುವುದು.

ಇವರಿಗಂತೂ ಬರ್ಗರ್ ಎಂದರೆ ಮೊದಲಿನಿಂದ ಆಗದು. 1996ರ ಜನವರಿಯಲ್ಲಿ ರೈತ ಸಂಘದವರು ಬೆಂಗಳೂರಿನ ಬ್ರಿಗೇಡ್ ರಸ್ತೆಯ ಕೆಎಫ್‌ಸಿಗೆ ನುಗ್ಗಿದರಲ್ಲ, ಮರುದಿನ ಇವರು ಸ್ಟಾಫ್ ರೂಮಿನಲ್ಲಿ ವಿದೇಶಿ ತಿಂಡಿಯ ವಿರುದ್ಧ ಮುಕ್ಕಾಲು ಗಂಟೆ ಮಾತನಾಡಿ ಒಂದು ಪೀರಿಯಡ್ಡನ್ನೇ ತಪ್ಪಿಸಿಕೊಂಡಿದ್ದರು. ಅಲ್ಲಿ ಮಾರುವುದು ಮುಖ್ಯವಾಗಿ ಕೋಳಿ, ಬರ್ಗರ್ ಅಲ್ಲ ಎಂದು ವಿಜ್ಞಾನದ ಮೇಷ್ಟ್ರು ತಿದ್ದಲು ಹೋಗಿ ಬೈಸಿಕೊಂಡರಂತೆ. ಅಂಥವರು ಅರ್ವೈನ್‌ಗೆ ಬಂದ ಎರಡೇ ವಾರದಲ್ಲಿ ಮಗನ ಟ್ಯಾಬ್ಲೆಟ್ಟಿನಲ್ಲಿ ಬರ್ಗರ್ ಚರಿತ್ರೆ ಓದತೊಡಗಿದ್ದರು. ಇತಿಹಾಸದ ಮೇಷ್ಟ್ರಲ್ಲವೇ, ಶತ್ರುವನ್ನು ತಿಳಿಯದೆ ಯುದ್ಧಕ್ಕೆ ಹೋಗುವವರಲ್ಲ.

ಆ ಅಂಗಡಿ ಇರುವ ಜಾಗ ನಿಜಕ್ಕೂ ನೋಡತಕ್ಕದ್ದೇ. ರನ್‌ವೇಗೆ ಅಷ್ಟು ಹತ್ತಿರ. ಚಕ್ರ ಚಾಚಿಕೊಂಡು ಇಳಿಯುವ ವಿಮಾನ ನಮ್ಮ ತಲೆಯ ಮೇಲೆಯೇ ಸಾಗುತ್ತದೆ, ಹೊಟ್ಟೆಯ ಮೇಲಿನ ಗೆರೆಗಳನ್ನು ಎಣಿಸಬಹುದು. ಎದುರಿನ ಹುಲ್ಲಿನ ಮೇಲೆ ಜನ ಬರ್ಗರ್ ಹಿಡಿದು ಕುಳಿತು, ಒಂದು ತುತ್ತು ಕೆಳಗೆ ನೋಡಿಕೊಂಡು, ಒಂದು ತುತ್ತು ಮೇಲೆ ನೋಡಿಕೊಂಡು ತಿನ್ನುತ್ತಾರೆ.

ನಾನು ಒಳಗೆ ನಿಂತು ಅಡುಗೆಯವರನ್ನು ನೋಡಿದೆ. ಬಿಳಿ ಬಟ್ಟೆ, ಕಾಗದದ ಟೋಪಿ, ಸೊಂಟಕ್ಕೆ ಕೆಂಪು ಏಪ್ರನ್. ಏಪ್ರನ್ನನ್ನು ಹಿಂದೆ ಬಿಗಿದಿದ್ದುದು ದಾರವಲ್ಲ, ಅಂಗೈಯಗಲದ ಒಂದು ಸೇಫ್ಟಿ ಪಿನ್ನು. ನಾನು ಬಳೆಗೆ ಸಿಕ್ಕಿಸಿಕೊಳ್ಳುವ ಪಿನ್ನಿನ ಮುತ್ತಜ್ಜ. ಒಬ್ಬ ಹುಡುಗ ಇಡೀ ಆಲೂಗಡ್ಡೆಯನ್ನು ಗೋಡೆಗೆ ಹಾಕಿದ್ದ ಯಂತ್ರದಲ್ಲಿಟ್ಟು ಹಿಡಿಕೆಯನ್ನು ದಡ್ಡೆಂದು ಎಳೆಯುತ್ತಿದ್ದ. ಆಲೂಗಡ್ಡೆ ಚಕ್ಕುಲಿ ಒರಳಿನಿಂದ ಇಳಿದ ಹಾಗೆ ಎಳೆಎಳೆಯಾಗಿ ಬುಟ್ಟಿಗೆ ಬೀಳುತ್ತಿತ್ತು. ಮತ್ತೊಂದು, ಮತ್ತೆ ದಡ್. ಹೆಚ್ಚುವ ಕೆಲಸ ಇಷ್ಟು ಸಲೀಸಾಗಿದ್ದರೆ ನನ್ನ ಅರ್ಧ ಆಯುಸ್ಸು ಉಳಿಯುತ್ತಿತ್ತು.

ಮಗ ಹೇಳುತ್ತಲೇ ಇದ್ದ. 1948ರಲ್ಲಿ ಬಾಲ್ಡ್‌ವಿನ್ ಪಾರ್ಕಿನಲ್ಲಿ ಶುರುವಾದದ್ದು, ಅಂದಿನಿಂದ ಪಟ್ಟಿ ಹೆಚ್ಚುಕಡಿಮೆ ಅಷ್ಟೇ. ಬರ್ಗರ್, ಚೀಸ್ ಬರ್ಗರ್, ಡಬಲ್-ಡಬಲ್, ಆಲೂಗಡ್ಡೆ, ಕುಡಿಯಲು ಒಂದಿಷ್ಟು. ಬೋರ್ಡಿನಲ್ಲಿ ಇಲ್ಲದ, ಗೊತ್ತಿದ್ದವರು ಮಾತ್ರ ಕೇಳುವ ಗುಟ್ಟಿನ ಹೆಸರುಗಳೂ ಕೆಲವು ಇವೆಯಂತೆ. “ನಮ್ಮಂಥವರು ಗ್ರಿಲ್ಡ್ ಚೀಸ್ ಎಂದು ಕೇಳಬೇಕು. ಬನ್ನು, ಚೀಸು, ಸೊಪ್ಪು, ಟೊಮೆಟೊ ಹಾಕಿ ಕೊಡುತ್ತಾರೆ” ಎಂದ. ನಮ್ಮಂಥವರು ಎಂದನಲ್ಲ ಎಂದು ನನಗೆ ಸಮಾಧಾನವಾಯಿತು.

“ಅಂದರೆ ಜಗತ್ತಿನ ಅತ್ಯುತ್ತಮ ಬರ್ಗರಿನಿಂದ ಬರ್ಗರನ್ನು ತೆಗೆದು ಕೊಡುತ್ತಾರೆ” ಎಂದರು ಇವರು. “ನನಗೆ ಅದು ಬೇಡ. ಗುಟ್ಟಿನ ಪಟ್ಟಿಯನ್ನು ನಾನೂ ಓದಿದ್ದೇನೆ. ನೀವು ಸುಮ್ಮನಿರಿ, ನಾನೇ ಹೇಳುತ್ತೇನೆ.”

ಓದಿದ್ದು ನಿಜ, ಹೆಸರುಗಳನ್ನು ಮಾತ್ರ. ‘ಅನಿಮಲ್ ಸ್ಟೈಲ್’ ಎಂಬ ಹೆಸರು ಕಂಡಾಗ ಹಿಂದಿನ ರಾತ್ರಿ ಟ್ಯಾಬ್ಲೆಟ್ಟನ್ನು ದೇವರ ಕೋಣೆಯ ಕಡೆಗೆ ಬೆನ್ನು ಮಾಡಿ ಇಟ್ಟಿದ್ದರು. ಅದರ ಕೆಳಗೆ ‘ಪ್ರೋಟೀನ್ ಸ್ಟೈಲ್’ ಎಂದಿತ್ತು. ಪ್ರೋಟೀನ್ ಎಂದರೆ ಕಾಳು. ಕಾಳೆಂದರೆ ಕಡಲೆಯೋ ಸೋಯಾವೋ ಇರಬೇಕು, ರುಬ್ಬಿ ವಡೆ ತಟ್ಟಿರುತ್ತಾರೆ. ಇತಿಹಾಸದ ಮೇಷ್ಟ್ರ ತರ್ಕ ಇಷ್ಟು. ಕೌಂಟರಿನ ಹುಡುಗಿಯ ಮುಂದೆ ಎದೆಯೆತ್ತಿ ನಿಂತು, ಒಂದು ಹ್ಯಾಂಬರ್ಗರ್, ಪ್ರೋಟೀನ್ ಸ್ಟೈಲ್, ಮಾಂಸ ಬೇಡ ಎಂದರು. ಪಾಪ, ಆ ಹುಡುಗಿ ಎರಡು ಸಲ ಕೇಳಿದಳು. ಪ್ರೋಟೀನ್ ಸ್ಟೈಲ್, ಆದರೆ ಮಾಂಸವಿಲ್ಲದೆ, ಹೌದಲ್ಲವೇ? ಹೌದೆಂದರು. ಈರುಳ್ಳಿ ಬೇಕೇ? ಧಾರಾಳವಾಗಿ. ಮಗ ನಡುವೆ ಬಾಯಿ ಹಾಕಲು ಬಂದಾಗ ಇವರು ಅಂಗೈ ಎತ್ತಿದರು, ತರಗತಿಯಲ್ಲಿ ಎತ್ತುತ್ತಿದ್ದ ಹಾಗೆ.

ಪ್ರೋಟೀನ್ ಸ್ಟೈಲ್ ಎಂದರೆ ಅಲ್ಲಿನ ಭಾಷೆಯಲ್ಲಿ ಬನ್ನಿನ ಬದಲು ಲೆಟಿಸ್ ಸೊಪ್ಪಿನಲ್ಲಿ ಸುತ್ತಿ ಕೊಡುವುದು. ಬನ್ನು ಬಿಟ್ಟವರಿಗೆ ಒಳಗೆ ಮಾಂಸವಾದರೂ ಇರುತ್ತದೆ, ಮಾಂಸ ಬಿಟ್ಟವರಿಗೆ ಹೊರಗೆ ಬನ್ನಾದರೂ ಇರುತ್ತದೆ. ಇವರು ಒಂದೇ ಉಸಿರಿನಲ್ಲಿ ಎರಡನ್ನೂ ಬಿಟ್ಟಿದ್ದರು.

ಬಂದ ಪೊಟ್ಟಣವನ್ನು ಬಿಚ್ಚಿದರು. ಅಂಗೈಯಷ್ಟು ದೊಡ್ಡ ಸೊಪ್ಪಿನ ಎರಡು ಎಲೆ. ಅದನ್ನು ಬಿಚ್ಚಿದರು. ಒಳಗೆ ಒಂದು ಬಿಲ್ಲೆ ಟೊಮೆಟೊ, ಧಾರಾಳವಾಗಿ ಈರುಳ್ಳಿ, ಒಂದು ಚಮಚ ಕಿತ್ತಳೆ ಬಣ್ಣದ ಸಾಸು. ಟೊಮೆಟೊವನ್ನು ಎತ್ತಿ ಕೆಳಗೆ ನೋಡಿದರು. ಮತ್ತೆ ಮುಚ್ಚಿದರು. ನಮ್ಮ ತಲೆಯ ಮೇಲೆ ಒಂದು ವಿಮಾನ ಹೋಯಿತು, ಅದು ಹೋಗುವವರೆಗೆ ಯಾರೂ ಮಾತನಾಡಲಿಲ್ಲ.

“ಬೇರೆ ತರಲೇ ಅಪ್ಪ?”

“ಬೇಡ. ನಾನು ಕೇಳಿದ್ದೇ ಇದು.”

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಸೊಪ್ಪನ್ನು ಮಡಿಸಿ, ಮದುವೆಯ ಮನೆಯಲ್ಲಿ ಬೀಡಾ ಹಾಕಿಕೊಳ್ಳುವ ಗತ್ತಿನಲ್ಲಿ ಅಗಿದು ತಿಂದರು. ಆಮೇಲೆ ನನ್ನ ಆಲೂಗಡ್ಡೆಯ ಮುಕ್ಕಾಲು ಪಾಲನ್ನೂ ತಿಂದರು, ಅದು ಬೇರೆ ಮಾತು.

ತಿಂದಾದ ಮೇಲೆ ಬಿಲ್ಲು ನೋಡುವುದು ಇವರ ಹಳೆಯ ಚಟ. ಕನ್ನಡಕ ಏರಿಸಿ ಒಂದೊಂದೇ ಸಾಲು ಓದಿ, “ಡಬಲ್-ಡಬಲ್ ಎಂದರೆ ಏನೋ? ಇದನ್ನು ಯಾರು ತಿಂದದ್ದು?” ಎಂದರು.

“ಚೀಸು ಡಬಲ್, ಅಪ್ಪ” ಎಂದ ಮಗ.

ಸೊಸೆಗೆ ಕೆಮ್ಮು ಬಂತು. ನಾನು ಅವಳಿಗೆ ನೀರು ಕೊಟ್ಟೆ. ಗೋಡೆಯ ಮೇಲಿನ ಬೋರ್ಡಿನ ಚಿತ್ರ ನನಗೂ ಕಂಡಿತ್ತು. ಅದರಲ್ಲಿ ಎರಡಿದ್ದುದು ಚೀಸು ಮಾತ್ರವಲ್ಲ. ಮಗ ಸುಳ್ಳೇನೂ ಹೇಳಲಿಲ್ಲ, ಒಂದು ಡಬಲ್ಲಿನ ಲೆಕ್ಕ ಕೊಟ್ಟು ಇನ್ನೊಂದರದ್ದನ್ನು ಬಿಟ್ಟ, ಅಷ್ಟೆ.

ಅಳಿಯ ಬಂದವನು ಕಾರಿನಲ್ಲಿ ಕಾಗದದ ಲೋಟಗಳನ್ನು ನೋಡಿದ್ದೇ ಸಾಕಾಯಿತು. “ಅತ್ತೆ, ನಿಮ್ಮನ್ನು ಇಲ್ಲಿಗೇ ಕರೆದುಕೊಂಡು ಬಂದನೇ? ಬರ್ಗರ್ ಎಂದರೆ ನ್ಯೂಯಾರ್ಕಿನದು. ಶೇಕ್ ಶ್ಯಾಕ್. 2001ರಲ್ಲಿ ಮ್ಯಾಡಿಸನ್ ಸ್ಕ್ವೇರ್ ಪಾರ್ಕಿನಲ್ಲಿ ಒಂದು ತಳ್ಳುಗಾಡಿಯಾಗಿದ್ದದ್ದು, 2004ರಲ್ಲಿ ಅಂಗಡಿಯಾಯಿತು. ಅವರು ನಮಗೆಂದೇ ಅಣಬೆಯ ಬರ್ಗರ್ ಮಾಡುತ್ತಾರೆ. ಇಲ್ಲಿ ನಮಗೆ ಏನಿದೆ? ಸೊಪ್ಪು.”

ಸೊಪ್ಪು ಎಂಬ ಮಾತು ಅವನ ಬಾಯಿಂದ ಬರಬಾರದಾಗಿತ್ತು. 405ನೇ ಹೆದ್ದಾರಿಯಲ್ಲಿ ವಾಹನಗಳು ಸಿಲ್ಕ್ ಬೋರ್ಡಿನ ನೆಂಟರ ಹಾಗೆ ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಇಳಿದು ಹೋಗುವಂತಿಲ್ಲ. ಇವರು ಸೀಟು ಬೆಲ್ಟನ್ನು ಸಡಿಲಿಸಿಕೊಂಡು ಹಿಂದಕ್ಕೆ ತಿರುಗಿದರು.

“ನೋಡಪ್ಪ, ಹ್ಯಾಂಬರ್ಗರ್‌ನಲ್ಲಿ ಹ್ಯಾಮ್ ಇರುವುದಿಲ್ಲ. ಹೆಸರು ಬಂದದ್ದು ಜರ್ಮನಿಯ ಹ್ಯಾಂಬರ್ಗ್ ಊರಿನಿಂದ. ಇನ್ನು ಕಂಡುಹಿಡಿದವರು ನಾವೇ ಎಂದು ವಿಸ್ಕಾನ್ಸಿನ್ನಿನವರು ಹೇಳುತ್ತಾರೆ, ಟೆಕ್ಸಾಸಿನವರೂ ಹೇಳುತ್ತಾರೆ, ನಿಮ್ಮ ನ್ಯೂಯಾರ್ಕ್ ರಾಜ್ಯದವರೂ ಹೇಳುತ್ತಾರೆ. ನಮ್ಮ ಮೈಸೂರು ಪಾಕಿಗೆ ಅರಮನೆಯ ಕಾಕಾಸುರ ಮಾದಪ್ಪ ಎಂದು ಒಂದೇ ಹೆಸರಿದೆ. ಇಷ್ಟು ದೊಡ್ಡ ದೇಶಕ್ಕೆ ಒಬ್ಬ ಮಾದಪ್ಪ ಸಿಗಲಿಲ್ಲವೇ? ಇರಲಿ. ನ್ಯೂ ಹೇವನ್ನಿನಲ್ಲಿ ಲೂಯೀಸ್ ಲಂಚ್ ಎಂಬ ಅಂಗಡಿ ಇದೆ, 1895ರದ್ದು. ತಾವೇ ಮೊದಲಿಗರು ಎನ್ನುವ ಅವರು ಇವತ್ತಿಗೂ ಬರ್ಗರನ್ನು ಬನ್ನಿನಲ್ಲಿ ಕೊಡುವುದಿಲ್ಲ, ಸುಟ್ಟ ಬ್ರೆಡ್ಡಿನಲ್ಲಿ ಕೊಡುತ್ತಾರೆ. ಕೆಚಪ್ ಕೇಳಿದರೂ ಇಲ್ಲ. ಆದ್ದರಿಂದ ಬನ್ನು ಎಂಬುದು ನಂತರ ಸೇರಿದ ಪ್ರಕ್ಷಿಪ್ತ ಭಾಗ. ನಾನು ತಿಂದದ್ದು ಮೂಲಪಾಠಕ್ಕೆ ಹತ್ತಿರವಾದದ್ದು.”

“ಮಾವ, ಅವರು ಬನ್ನು ಬಿಟ್ಟಿದ್ದಾರೆ, ಬರ್ಗರ್ ಬಿಟ್ಟಿಲ್ಲ.”

“ಅದು ವಿವರ.”

ಮನೆ ತಲುಪಿದಾಗ ಕತ್ತಲಾಗಿತ್ತು, ವಾದ ಇನ್ನೂ ಹೆದ್ದಾರಿಯಲ್ಲೇ ಇತ್ತು. ಮರುದಿನ ಅಳಿಯ ನಮ್ಮನ್ನೆಲ್ಲ ಶೇಕ್ ಶ್ಯಾಕಿಗೆ ಎಳೆದುಕೊಂಡು ಹೋದ. ಅಣಬೆಯ ಬರ್ಗರನ್ನು ನಾನು ತಿಂದೆ. ಬೋಂಡದ ಹಾಗೆ ಗರಿಗರಿಯಾಗಿ ಕರಿದ ದೊಡ್ಡ ಅಣಬೆ, ಕಚ್ಚಿದರೆ ಒಳಗಿನಿಂದ ಬಿಸಿ ಚೀಸು ಜಾರಿ ಬರುತ್ತದೆ. ನನಗೆ ಬಹಳ ಹಿಡಿಸಿತು. ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ, ನಲವತ್ತು ವರ್ಷ ಸಂಸಾರ ಮಾಡಿದ್ದೇನೆ. ಇವರು ಬರ್ಗರ್ ಮುಟ್ಟಲಿಲ್ಲ, ಪಕ್ಷಾಂತರ ತಮ್ಮ ಜಾಯಮಾನದಲ್ಲಿಲ್ಲ ಎಂದರು. ಆಲೂಗಡ್ಡೆ ಮಾತ್ರ ಅಂಥ ಪಕ್ಷಗಳಿಗೆ ಸೇರಿದ್ದಲ್ಲವಂತೆ. ಒಂದನ್ನು ಎತ್ತಿ ಹಿಡಿದು, “ಇದೇಕೆ ಸುಕ್ಕುಸುಕ್ಕಾಗಿದೆ? ಅಲ್ಲಿ ನಮ್ಮ ಕಣ್ಣೆದುರೇ ಕತ್ತರಿಸುತ್ತಿದ್ದರು” ಎಂದರು. ನಡುವೆ ಒಮ್ಮೆ ತಾಜಾ ಕತ್ತರಿಸಿ ಮಾಡಲು ಹೊರಟಿದ್ದರು, ಜನರೇ ಹಳೆಯ ಸುಕ್ಕಿನದೇ ಬೇಕೆಂದು ಹಟ ಹಿಡಿದು ವಾಪಸು ತರಿಸಿದರು ಎಂದು ಅಳಿಯ ವಿವರಿಸಿದ. “ಜನರ ರುಚಿಯನ್ನು ನಂಬಬಾರದು, ನಿಮ್ಮ ಮೈಲಾರಿಯನ್ನೇ ನೋಡು” ಎಂದುಬಿಟ್ಟರು ಇವರು.

ಆಗ ಮೇಜಿನ ಮೇಲಿದ್ದ ಬರ್ಗರುಗಳನ್ನೆಲ್ಲ ಎಲ್ಲರೂ ಮರೆತರು. ಸೊಸೆ ದಾವಣಗೆರೆಯವಳು. ಬೆಣ್ಣೆ ದೋಸೆಯ ಊರಿನವರಿಗೆ ಮೈಸೂರಿನ ಈ ಜಗಳ ಮಕ್ಕಳಾಟ. ಅವಳು ಮೊಬೈಲು ತೆಗೆದು ಕುಳಿತಳು.

ಡಿಸೆಂಬರಿನಲ್ಲಿ ಅಳಿಯ ರಜೆಗೆಂದು ಮೈಸೂರಿಗೆ ಬಂದ. ಭಾನುವಾರ ಬೆಳಿಗ್ಗೆ ಕಾರಂಜಿ ಕೆರೆಯ ಸುತ್ತ ನಡೆದು, ಮೂವರೂ ನಜರ್‌ಬಾದಿಗೆ ಹೋದೆವು. ಆತಿಥೇಯರು ನಾವಾದ್ದರಿಂದ ನಮ್ಮ ಮೈಲಾರಿಗೇ. ಅವನು ಗೊಣಗದೆ ಒಳಗೆ ಬಂದದ್ದು ಅವನ ದೊಡ್ಡತನ. ಮೆತ್ತನೆಯ ದೋಸೆ ಬಂತು, ಮಡಿಕೆಯೊಳಗೆ ಸಾಗು, ಮೇಲೆ ಕರಗಲು ಸಿದ್ಧವಾಗಿ ಕುಳಿತ ಬೆಣ್ಣೆ, ಪಕ್ಕದಲ್ಲಿ ಕಾಯಿಚಟ್ನಿ. ಇವತ್ತು ಮೈಲಾರಿಯ ಯುದ್ಧ ನಡೆಯುತ್ತದೆ ಎಂದು ನಾನು ಸೆರಗು ಬಿಗಿದು ಕುಳಿತಿದ್ದೆ.

“ಮಾವ, ಈಗಲಾದರೂ ಒಪ್ಪಿಕೊಳ್ಳಿ. ಆ ಸೊಪ್ಪಿನದು ಬರ್ಗರ್ ಅಲ್ಲ.”

“ಲೂಯೀಸ್ ಲಂಚ್ ವಿಷಯ ನಿನಗೆ ಹೇಳಿದ್ದೆನೋ ಇಲ್ಲವೋ?”

ಬೆಣ್ಣೆ ಕರಗಿತು. ಕರಗಿದ್ದು ದೋಸೆಗೆ ಇಳಿಯಿತು. ಮಾಣಿ ಎರಡು ಸಲ ಬಂದು ನಿಂತು ಹೋದ. ಇವರು ವಿಸ್ಕಾನ್ಸಿನ್ ತಲುಪಿದ್ದರು. ನಾನು ನನ್ನ ದೋಸೆ ಮುಗಿಸಿ, ಕೈ ತೊಳೆದು, ಹಾಗೆಯೇ ಬಾಗಿಲು ದಾಟಿ ರಸ್ತೆಗೆ ಇಳಿದೆ. ತವರಿನ ಮೈಲಾರಿಯಲ್ಲಿ ಮೂಲೆಯ ಮೇಜು ಖಾಲಿ ಇತ್ತು. ಬಿಸಿ ದೋಸೆ ತಿಂದು, ದುಡ್ಡು ಕೊಟ್ಟು, ಬಿಲ್ಲನ್ನು ಪರ್ಸಿನ ಒಳಜೇಬಿಗೆ ತೂರಿಸಿ ವಾಪಸು ಬಂದು ಕುಳಿತೆ. ಮಾತು ಟೆಕ್ಸಾಸಿನಲ್ಲಿತ್ತು.

“ಇಷ್ಟು ಹೊತ್ತು ಎಲ್ಲಿಗೆ ಹೋಗಿದ್ದೆ?” ಎಂದರು ಇವರು.

“ಕೈ ತೊಳೆಯಲು” ಎಂದೆ.

ಸುಳ್ಳೇನಲ್ಲ, ಎರಡು ಕಡೆಯೂ ತೊಳೆದಿದ್ದೆ. ಸೊಸೆ ಅಲ್ಲಿದ್ದಿದ್ದರೆ ಖಂಡಿತ ಕೆಮ್ಮುತ್ತಿದ್ದಳು.